ಮಾಸ್ಟರ್ ನಂಬಿದ ‘ಫಾರ್ತ್‌ವಿತ್’

ಲಿಂಗರಾಜಪುರದ ಮನೆಯ ಅಟ್ಟದಿಂದ ಹಳೆಯ ಟ್ರಂಕು ಇಳಿಸಿ ಮುಚ್ಚಳ ತೆಗೆದಾಗ ಕಾರ್ಬನ್ ಹಾಳೆಯ ವಾಸನೆ ಬಂತು. ಅದರ ಜೊತೆ ನಾನೇ ಟೈಪ್ ಮಾಡಿದ ಒಂದು ಅರ್ಜಿ. ಬೆರಳಿಗೆ ನೀಲಿ ಹತ್ತಿತು, ನೆತ್ತಿಗೆ ಸಿಟ್ಟು ಏರಿತು. ಇಪ್ಪತ್ತೆರಡು ವರ್ಷವಾದರೂ ಆರದ ಸಿಟ್ಟು.

ಆಗ ನಾನು ಜೋಗುಪಾಳ್ಯದಿಂದ ಶಿವಾಜಿನಗರಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಒಂದೇ ಕೋಣೆ, ಆರು ಮೆಷಿನ್ನು, ಒಬ್ಬರು ಮಾಸ್ಟರ್. ಅವರ ಮಾತು ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ, ಮೆಷಿನ್ನಿನ ಮುಂದೆ ಇಂಗ್ಲಿಷು. ಬಾಗಿಲ ಎದುರಿಗೇ ದೊಡ್ಡ ಮೋರಿ. ಅದರ ಚಪ್ಪಡಿ ಮುರಿದುಹೋಗಿ, ದಾಟಲು ಒಂದು ಹಲಗೆ ಹಾಕಿದ್ದರು. ಮಾಸ್ಟರಿಗೆ ಕಣ್ಣು ಮಂಜು. ಅವರು ದಾಟುವಾಗಲೆಲ್ಲ ನಮಗೆ ಎದೆ ಡವಡವ.

ಬೇರೆ ಕಡೆ ಸ್ಪೀಡ್ ಅಭ್ಯಾಸಕ್ಕೆ ಪುಸ್ತಕದ ಪಾಠ ಕೊಡುತ್ತಿದ್ದರು. ನಮ್ಮ ಮಾಸ್ಟರ್ ಕೊಡುತ್ತಿದ್ದದ್ದು ಆ ಚಪ್ಪಡಿಯ ಅರ್ಜಿ. ತಪ್ಪಿಲ್ಲದೆ ಟೈಪ್ ಮಾಡಿದವರೇ ಅದನ್ನು ವಾರ್ಡ್ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬರಬೇಕು. ‘ಚಪ್ಪಡಿಯನ್ನು ಫಾರ್ತ್‌ವಿತ್ ಹಾಕಿಸತಕ್ಕದ್ದು’, ಅಂದರೆ ತಕ್ಷಣವೇ ಹಾಕಿಸಬೇಕು, ಎಂಬ ಅರ್ಥದ ಕೊನೆಯ ಸಾಲು ನಮ್ಮೆಲ್ಲರ ಬೆರಳಿಗೆ ಬಾಯಿಪಾಠವಾಗಿತ್ತು. ಕಚೇರಿಯಿಂದ ಬರುತ್ತಿದ್ದ ಉತ್ತರವೂ ಪ್ರತಿ ಸಲ ಒಂದೇ: ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಒಮ್ಮೆ ಅರ್ಜಿಯ ಆ ‘ಫಾರ್ತ್‌ವಿತ್’ ಮುತ್ತಜ್ಜನ ಕಾಲದ್ದು ಎನ್ನಿಸಿ, ಜಾಣೆಯಂತೆ ‘ಸೂನ್’ ಎಂದು ಹೊಡೆದೆ. ಮಾಸ್ಟರ್ ಹಾಳೆಯನ್ನು ಸರ್ರನೆ ಎಳೆದರು.

“ಸೂನ್ ಅಂದ್ರೆ ಅವ್ರಿಗೆ ಹಬ್ಬ ಕಣಮ್ಮಾ. ಮೊದ್ಲು ಅದಕ್ಕೂ ಈ ಕ್ಷಣವೇ ಅಂತ ಅರ್ಥ ಇತ್ತು. ‘ಅನಾನ್’ಗೂ ಅಷ್ಟೇ, ‘ಪ್ರೆಸೆಂಟ್ಲಿ’ಗೂ ಅಷ್ಟೇ. ಈಗ್ಲೇ ಬಂದೆ ಅಂತ ಹೇಳೋದು, ಬರ್ದೇ ಇರೋದು. ಜನ ಹಂಗೇ ಮಾಡಿ ಮಾಡಿ ಎಲ್ಲಾನೂ ಹಾಳು ಮಾಡಿದ್ರು. ಇದೊಂದು ಇನ್ನೂ ಉಳ್ಕೊಂಡಿದೆ.”

ಫಾರ್ತ್ ಎಂದರೆ ಮುಂದಕ್ಕೆ, ವಿತ್ ಎಂದರೆ ಜೊತೆಗೆ. ಮೊದಲು ಅದರ ಅರ್ಥ ‘ಜೊತೆಯಲ್ಲಿ’ ಎಂದಷ್ಟೇ ಇತ್ತಂತೆ, ‘ತಕ್ಷಣ’ ಎಂಬುದು ಆಮೇಲೆ ಬಂದದ್ದಂತೆ. “ನಮ್ಮ ‘ಕೂಡಲೇ’ ನೋಡು, ಅದೂ ‘ಕೂಡ’ದಿಂದ್ಲೇ ಬಂದಿರೋದು. ಮಾತು ಹೊರಟ್ರೆ ಕಾಲೂ ಅದ್ರ ಕೂಡ ಹೊರಡ್ಬೇಕು,” ಎಂದು ರಟ್ಟು ಕಿತ್ತುಹೋದ ನಿಘಂಟು ತೆಗೆದು ತೋರಿಸಿದರು. ಯಾವ ಪುಟವೋ ಮರೆತಿದೆ… ಅವರು ಕಣ್ಣಿಗೆ ತೀರ ಹತ್ತಿರ ಹಿಡಿದು ಓದುತ್ತಿದ್ದದ್ದು ಮಾತ್ರ ನೆನಪಿದೆ.

ಮತ್ತೆ ಕೂತು ತಪ್ಪಿಲ್ಲದೆ ಟೈಪ್ ಮಾಡಿದೆ. ಆ ವಾರದ ಸರದಿ ನನ್ನದಾಯಿತು. ನಾಲ್ಕನೆಯ ದಿನ ಮಳೆಯಲ್ಲಿ ಹಲಗೆ ಜಾರಿ, ಮಾಸ್ಟರ್ ಮೋರಿಗೆ ಬಿದ್ದು ಸೊಂಟ ಮುರಿದುಕೊಂಡರು.

ಆಸ್ಪತ್ರೆಯಲ್ಲಿ ಅವರು ಕೇಳಿದ್ದು ಒಂದೇ ಮಾತು. “ಅರ್ಜಿ ಕೊಟ್ಯೇನಮ್ಮಾ?”

“ಕೊಟ್ಟೆ ಮಾಸ್ಟರ್. ಬೇಗ ಹಾಕಿಸ್ತಾರಂತೆ.”

“ಬೇಗ…” ಎಂದು ಅವರು ಮುಖ ಆ ಕಡೆಗೆ ತಿರುಗಿಸಿಕೊಂಡರು.

ಮೂರು ವಾರಕ್ಕೆ ಹೋಗಿಬಿಟ್ಟರು. ಅದಾಗಿ ಕೆಲವೇ ದಿನಕ್ಕೆ ಯಾರೋ ದೊಡ್ಡ ಮನುಷ್ಯರು ಆ ಬೀದಿಗೆ ಬರುತ್ತಾರೆಂದು ಒಂದೇ ಬೆಳಗ್ಗೆಯಲ್ಲಿ ಹೊಸ ಚಪ್ಪಡಿ ಬಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು. ಒಂದು ಬೆಳಗಿನ ಕೆಲಸವಂತೆ! ನಾಚಿಕೆಗೆಟ್ಟವರು.

ಈಗ ಅಲ್ಲಿ ಮೊಬೈಲ್ ಕವರಿನ ಅಂಗಡಿ ಇದೆ. ಆ ಚಪ್ಪಡಿ ದಾಟುವಾಗಲೆಲ್ಲ ಕಚೇರಿಯವರಿಗೆ ಹಿಡಿಶಾಪ ಹಾಕುತ್ತೇನೆ. ಆದರೆ ಟ್ರಂಕಿನಲ್ಲಿ ಸಿಕ್ಕಿದ್ದು ನಕಲು ಮಾತ್ರವಲ್ಲ, ಅಸಲೂ ಇಲ್ಲೇ ಇದೆ. ಚಿಕ್ಕಮ್ಮನ ಮಗಳ ಮದುವೆಯ ಸಡಗರದಲ್ಲಿ ಆ ನಾಲ್ಕೂ ದಿನ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದವಳು ನಾನು, ನಾಳೆ ಕೊಟ್ಟರಾಯಿತು ಎಂದುಕೊಂಡು. ಎರಡು ಹಾಳೆಯ ಮೇಲೂ ಸೀಲಿಲ್ಲ.