ನಾಯಕನ ಹೆಸರು ನಿಮ್ಮ ಅಜ್ಜನದು

ಮೊಮ್ಮಕ್ಕಳಿರಾ, ಈಚೆಗೆ ಏನೇನು ಓದಿದೆ ಎಂದು ಕೇಳಿದಿರಿ. ಫೋನಿನಲ್ಲಿ ಹೇಳಲು ನನಗೆ ಬರುವುದಿಲ್ಲ, ಬರೆಯುತ್ತೇನೆ.

ನಿಮ್ಮ ಅವ್ವ ಕುಷ್ಟಗಿಯಿಂದ ತಂದುಕೊಟ್ಟ ಪುಸ್ತಕಗಳಲ್ಲಿ ಮೊದಲು ಓದಿದ್ದು ಜೇನುಹುಳುಗಳದ್ದು. ರಾಣಿ ಎನ್ನುವುದು ಹೆಸರಿಗಷ್ಟೇ. ಅದು ಆಳುವುದಿಲ್ಲ, ಮೊಟ್ಟೆ ಇಡುತ್ತಲೇ ಇರುತ್ತದಂತೆ. ಅಂಥ ರಾಣಿಯರನ್ನು ನಮ್ಮ ಅಳವಂಡಿಯಲ್ಲೂ ಕಂಡಿದ್ದೇನೆ. ಆಮೇಲೆ ಒಬ್ಬ ನರ್ಸ್ ತನ್ನ ಆಸ್ಪತ್ರೆಯ ದಿನಗಳ ಬಗ್ಗೆ ಬರೆದದ್ದು. ಸಾಯುವವರ ಪಾದ ಮೊದಲೇ ತಣ್ಣಗಾಗುತ್ತದೆ ಎಂದು ಆಕೆ ಬರೆದ ಪುಟದಲ್ಲಿ ನಿಂತುಬಿಟ್ಟೆ. ನಿಮ್ಮ ಅಜ್ಜ ಹೋದ ದಿನ ಅವರ ಕಾಲಿಗೆ ನಾನು ಕೌದಿ ಹೊದಿಸುತ್ತಲೇ ಇದ್ದೆ. ಅದೇಕೆ ಬೆಚ್ಚಗಾಗುತ್ತಿಲ್ಲ ಎಂದು ಯಾರೂ ಹೇಳಿರಲಿಲ್ಲ. ಪುಸ್ತಕ ಕೆಲವು ದಿನ ಮುಟ್ಟಲಿಲ್ಲ. ಮತ್ತೆ ತೆಗೆದು ಮುಗಿಸಿದೆ.

ಮೂರನೆಯದು ಪ್ರೀತಿಯ ಕಾದಂಬರಿ. ಒಂದು ಮಾತಿನಲ್ಲಿ ಬಗೆಹರಿಯುವ ಸಿಟ್ಟನ್ನು ಅರ್ಧ ಪುಸ್ತಕ ಎಳೆದಿದ್ದಾರೆ. ಆದರೂ ಅವನು ಅವಳಿಗೆ ಚಹಾ ಮಾಡಿಕೊಡುವ ಪುಟವನ್ನು ಎರಡು ಸಲ ಓದಿದೆ. ಮನೆಯಲ್ಲಿ ಒಂದು ಜಗಳವಾದದ್ದೂ ಈ ಕಾದಂಬರಿಯಿಂದಲೇ.

ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಹೆಂಗಸರು ಕೂತು ಶೇಂಗಾ ಸುಲಿಯುತ್ತಾರೆ, ನಾನು ಓದಿ ಹೇಳುತ್ತೇನೆ. ಕಾದಂಬರಿಯ ನಾಯಕನಿಗೆ ನಿಮ್ಮ ಅಜ್ಜನದೇ ಹೆಸರು. ನಾನು ಗಂಡನ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಅದು ಬಂದಲ್ಲೆಲ್ಲ 'ಅವರು' ಎಂದು ಓದಿದೆ. ಕಥೆಯಲ್ಲಿ ಒಬ್ಬ ಡಾಕ್ಟರೂ ಇದ್ದಾರೆ. 'ಅವರು ಅವಳ ಕೈ ಹಿಡಿದರು' ಎಂದು ಓದಿದಾಗ ಪಕ್ಕದ ಮನೆಯ ಸೊಸೆ ತಲೆ ಎತ್ತಿದಳು.

"ಯಾವ ಅವರು, ಚಿಗವ್ವಾ? ಡಾಕ್ಟರ್ ಅವರೋ, ನಮ್ಮ ಕಾಕಾ ಅವರೋ?"

ಅವಳಿಗೆ ಕಾಕಾ ಎಂದರೆ ನಿಮ್ಮ ಅಜ್ಜ. ಎಲ್ಲರೂ ನಕ್ಕರು. ನನ್ನ ನೆಗೆಣ್ಣಿ, ಅಂದರೆ ನಿಮ್ಮ ದೊಡ್ಡಜ್ಜಿ, ನಗಲಿಲ್ಲ.

"ಗಂಡನ್ನ ಕಳಕೊಂಡಾಕಿ ಓದೂದು ಇದನ್ನೇನು? ನಾಳಿಂದ ಹುಲಿಗೆಮ್ಮನ ಪುರಾಣ ಓದು. ಇಲ್ಲಾಂದ್ರ ಪುಸ್ತಕ ಮುಚ್ಚಿಡು."

"ಪುರಾಣದಾಗ ಯಾರೂ ಯಾರ ಕೈನೂ ಹಿಡಿಯಂಗಿಲ್ಲೇನ್ರಿ, ದೊಡ್ಡವ್ವಾ?" ಎಂದಳು ಆ ಸೊಸೆ.

"ನೀ ಸುಮ್ಮನ ಸುಲಿ."

ನಾನು ಪುಸ್ತಕ ಮುಚ್ಚಿದೆ. ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಮದುವೆಯಾದ ಹೊಸತರಲ್ಲಿ ಅತ್ತೆ ಹೇಳಿದ್ದರು. ನಾನು ಒಮ್ಮೆಯೂ ಕರೆಯಲಿಲ್ಲ. ಆಯುಷ್ಯವೇನೂ ಉಳಿಯಲಿಲ್ಲ. ಇನ್ನು ಯಾರ ಸಲುವಾಗಿ ಬಾಯಿ ಕಟ್ಟಿಕೊಂಡಿರಬೇಕು?

ಪುಸ್ತಕ ತೆಗೆದು ಅದೇ ಸಾಲನ್ನು ಮತ್ತೆ ಓದಿದೆ, ಈ ಸಲ ಹೆಸರು ಸೇರಿಸಿ. ಯಾರೂ ನಗಲಿಲ್ಲ.

"ನಾಚಿಕಿ ಬಿಟ್ಟಿ ನೀನು," ಎಂದಳು ನೆಗೆಣ್ಣಿ.

"ಪುಸ್ತಕ ಮುಚ್ಚಂಗಿಲ್ಲ ಅಕ್ಕಾ. ಕುಂದರ್ತಿದ್ರ ಕುಂದರು."

ಅವಳು ಸೆರಗು ಕೊಡವಿ ಎದ್ದು ಹೋದಳು. ಅಂದಿನಿಂದ ಬಂದಿಲ್ಲ. ನಾನು ಅದನ್ನು ಮುಗಿಸಿ ಇನ್ನೊಂದು ಹಿಡಿದಿದ್ದೇನೆ, ಅದೂ ಪ್ರೀತಿಯದ್ದೇ. ನಿಮ್ಮ ಅಜ್ಜಿ ನಾಚಿಕೆಗೆಟ್ಟಳು ಎಂದು ಅವಳು ನಿಮಗೂ ಹೇಳಬಹುದು. ಹಾಗೇನಿಲ್ಲ. ನಾಲ್ಕು ಜನರ ಮುಂದೆ ದನಿ ಎತ್ತಿದರೆ ನನಗೆ ಈಗಲೂ ಮೈ ಬೆವರುತ್ತದೆ. ಬೆವರುತ್ತಲೇ ಓದುತ್ತೇನೆ.