ಐದನೇ ನಂಬರಿನ ಅಂಗಿ

ಕಳೆದ ಶನಿವಾರ ಅಟ್ಟ ಹತ್ತಿದ್ದೆ. ಚಳಿ ತಡೆಯುವ ದಪ್ಪ ಹಾಸು ಹಾಕಲು ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನವರು ಬರುವವರಿದ್ದರು, ಅಷ್ಟರೊಳಗೆ ಅಟ್ಟ ಖಾಲಿಯಾಗಬೇಕೆಂದು ನನ್ನ ಹೆಂಡತಿ ಗಿರಿಜಾಳ ಅಪ್ಪಣೆಯಾಗಿತ್ತು. ಲಂಡನ್ನಿನ ಅಂಚಿನ ಈ ಅಕ್ಸ್‌ಬ್ರಿಡ್ಜ್‌ಗೆ ಬಂದು ಹದಿನೈದು ವರ್ಷವಾಯಿತು. ಚಕ್ರ ಮುರಿದ ಸೂಟ್‌ಕೇಸು, ಧಾರವಾಡದಿಂದ ಹೊತ್ತು ತಂದು ಒಮ್ಮೆಯೂ ಬಳಸದ ಶ್ಯಾವಿಗೆ ಒತ್ತು, ಎಲ್ಲವೂ ಅಲ್ಲೇ ಸಂಸಾರ ಹೂಡಿದ್ದವು. ಒಂದು ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದಾಗ ನೋವಿನ ಮುಲಾಮಿನ ಘಾಟು ಮೂಗಿಗೆ ಹೊಡೆಯಿತು. ಒಳಗಿದ್ದದ್ದು ಒಂದು ಕೆಂಪು ಅಂಗಿ. ಅದರ ಬೆನ್ನಿನ ಮೇಲೆ ಐದು ಎಂಬ ಅಂಕಿ.

"ಏನ ಸಿಕ್ತ್ರಿ?" ಕೆಳಗೆ ಏಣಿ ಹಿಡಿದು ನಿಂತಿದ್ದ ಗಿರಿಜಾ ಕೇಳಿದಳು.

"ನನ್ನ ವಿಂಗರ್ ಅಂಗಿ."

"ಹಂಗಾರ ಇವತ್ತ ಅಟ್ಟ ಖಾಲಿ ಆದಂಗ," ಎಂದಳು.

ಅವಳ ಮಾತಿನಲ್ಲಿ ತಪ್ಪಿಲ್ಲ. ನಮ್ಮ ಕನ್ನಡದವರು ಸೇರಿದಾಗ ನಾನು ರಗ್ಬಿ ಎಂದು ಬಾಯಿ ತೆರೆದರೆ ಸಾಕು, ಒಬ್ಬೊಬ್ಬರಿಗೇ ಬಿಸಿಬೇಳೆಬಾತಿನ ನೆನಪಾಗಿ ಅಡುಗೆಮನೆಯ ಕಡೆಗೆ ನಡೆಯುತ್ತಾರೆ. ನೀವು ಇಲ್ಲೇ ಕೂತಿದ್ದೀರಿ, ಆದ್ದರಿಂದ ಹೇಳುತ್ತೇನೆ. ಲೀಗ್ ರಗ್ಬಿಯಲ್ಲಿ ಒಂದೊಂದು ಕಡೆಗೆ ಹದಿಮೂರು ಜನ. ಚೆಂಡು ಹಿಡಿದು ಬಂದವನನ್ನು ಎದುರಿನವರು ಹಿಡಿದು ಕೆಡವುತ್ತಾರೆ. ಆರು ಸಲ ಹಾಗೆ ಬಿದ್ದರೆ ಚೆಂಡು ಆಚೆಯವರ ಪಾಲು. ಕಬಡ್ಡಿ ಆಡುವವರ ಕೈಗೆ ಯಾರೋ ಒಂದು ಚೆಂಡು ಕೊಟ್ಟು ಹೋದಂತೆ ಎಂದುಕೊಳ್ಳಿ. ಮೈದಾನದ ಎರಡೂ ಅಂಚಿನಲ್ಲಿ ಗೆರೆಗೆ ಅಂಟಿಕೊಂಡು ಒಬ್ಬೊಬ್ಬನು ನಿಲ್ಲುತ್ತಾನೆ, ಅವನೇ ವಿಂಗರ್. ನಡುವಿನವರು ಮೈಮುರಿದು ದುಡಿಯುತ್ತಾರೆ, ಅಂಚಿನವನು ಕೊನೆಗೆ ಬಂದ ಚೆಂಡನ್ನು ಗೆರೆಯಾಚೆ ಇಟ್ಟು ಹೆಸರು ಗಳಿಸುತ್ತಾನೆ, ಚೆಂಡು ಬಾರದ ದಿನ ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಜನ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಎದುರಿನವರು ಆಕಾಶಕ್ಕೆ ಒದ್ದ ಚೆಂಡನ್ನು, ಮೂರು ಜನ ಗೂಳಿಗಳ ಹಾಗೆ ಮೇಲೆ ಬರುತ್ತಿದ್ದರೂ ಕಣ್ಣು ಕದಲಿಸದೆ ಹಿಡಿಯುವವನು ಅವನು. ನಡುವಿನ ದೊಡ್ಡ ಆಳುಗಳು ಏದುಸಿರು ಬಿಡುವಾಗ ತಮ್ಮ ಗೆರೆಯಿಂದ ಚೆಂಡನ್ನು ಮೊದಲು ಹೊತ್ತು ಹೊರಡುವವನೂ ಅವನೇ.

ಇಷ್ಟೂ ನನಗೆ ಕಲಿಸಿದವನು ಕೆನ್. ನಾನು ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ ರೋಗಿಗಳನ್ನು ಆಪರೇಷನ್ ಕೋಣೆಗೆ ತಳ್ಳಿಕೊಂಡು ಬರುತ್ತಿದ್ದ ಪೋರ್ಟರ್ ಆತ. ಯಾರ್ಕ್‌ಶೈರಿನ ಕಲ್ಲಿದ್ದಲ ಗಣಿಯ ಊರಿನವನು. ಲಂಡನ್ನಿನಲ್ಲಿ ಲೀಗ್ ಆಟ ಬಲ್ಲವರು ಸಿಗದೆ ಬಾಯಿ ಕಟ್ಟಿ ಕೂತಿದ್ದ ಅವನಿಗೆ, ನಾನು ಕಬಡ್ಡಿ ಆಡಿದ್ದೆನೆಂದು ಹೇಳಿದ್ದೇ ತಡ, ಟ್ರಾಲಿ ಬದಿಗಿಟ್ಟು ಪಾಠ ಶುರುಮಾಡಿದ.

ನಾನು ಅರಿವಳಿಕೆ ಡಾಕ್ಟರ್. ರೋಗಿಗೆ ನಿದ್ದೆ ಬರಿಸಿ, ಪರದೆಯ ಹಿಂದೆ ಅವನ ತಲೆಯ ಬಳಿ ಕೂತು, ಉಸಿರು ಕಾಯುವ ಕೆಲಸ. ಎಚ್ಚರವಾದ ರೋಗಿ ಕೊಯ್ದವರಿಗೆ ಚಾಕೊಲೇಟ್ ಡಬ್ಬಿ ಕೊಡುತ್ತಾನೆ. ನನ್ನ ಮುಖ ಅವನಿಗೆ ನೆನಪಿರುವುದಿಲ್ಲ. ನೆನಪಿಲ್ಲ ಎಂದರೆ ನನ್ನ ಔಷಧ ಸರಿಯಾಗಿ ಕೆಲಸ ಮಾಡಿದೆ ಎಂದರ್ಥ, ಆದರೆ ಈ ಸಮಾಧಾನವನ್ನು ಎಷ್ಟು ದಿನ ಮೆಲ್ಲಲಾಗುತ್ತದೆ? ಮೇಲಿನ ಹುದ್ದೆಗೆ ಮೂರು ಸಲ ಅರ್ಜಿ ಹಾಕಿದೆ, ಮೂರು ಸಲವೂ ನಯವಾದ ಇಂಗ್ಲಿಷಿನಲ್ಲಿ ಇಲ್ಲವೆಂದರು. ಮೂರನೆಯ ಸಲ ಮನಸ್ಸು ಮುರಿಯಿತು. ಧಾರವಾಡಕ್ಕೆ ವಾಪಸು ಹೋಗೋಣ ಎಂದೆ. ಗಿರಿಜಾಳೂ ಡಾಕ್ಟರ್, ಇಲ್ಲಿನ ಪರೀಕ್ಷೆ ಪಾಸಾಗಿದ್ದಳು, ಆಗಸ್ಟಿನಿಂದ ಜಿಪಿ, ಅಂದರೆ ಬಡಾವಣೆಯ ಡಾಕ್ಟರಾಗುವ ತರಬೇತಿ ಶುರುವಾಗುವುದಿತ್ತು. ಹೊರಟರೆ ಅವಳದು ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಅವಳು, "ನೀವು ಹೆಂಗಂತೀರಿ ಹಂಗ," ಎಂದಷ್ಟೇ ಹೇಳಿದಳು. ನಾನು ರಾಜೀನಾಮೆ ಬರೆದು ಕಾರಿನ ಖಾನೆಯಲ್ಲಿಟ್ಟೆ. ಸೋಮವಾರ ಕೊಡುವುದೆಂದು ನಿಶ್ಚಯವಾಗಿತ್ತು.

ಅದರ ಹಿಂದಿನ ಭಾನುವಾರವೇ ಕೆನ್‌ನ ಪಂದ್ಯ. ನಮ್ಮ ಆಸ್ಪತ್ರೆಯವರಿಗೂ ಪಕ್ಕದ ಆಸ್ಪತ್ರೆಯವರಿಗೂ ಪಾರ್ಕಿನಲ್ಲಿ ಸ್ನೇಹದ ಆಟ. ಡಾಕ್ಟರುಗಳ ಕೈಕಾಲು ಮುರಿದರೆ ಸೋಮವಾರದ ಆಪರೇಷನ್ ಯಾರು ಮಾಡುವುದು? ಆದ್ದರಿಂದ ಕೆಡವುವ ಬದಲು ಬರೀ ಮುಟ್ಟುವ ಆಟ, ಆರು ಮುಟ್ಟಿಗೆ ಚೆಂಡು ಬದಲು. ಕೆನ್ ನನಗೆ ಐದನೇ ನಂಬರಿನ ಅಂಗಿ ಎಸೆದು, "ನೀನು ವಿಂಗ್‌ನಲ್ಲಿ," ಎಂದ. ನನಗೆ ಅವಮಾನವಾಯಿತು. ಇಲ್ಲೂ ಮೂಲೆಯೇ ಗತಿಯೇ? ಗೆರೆಯಾಚೆ ಸೀರೆಯ ಮೇಲೆ ಓವರ್‌ಕೋಟ್, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿಕೊಂಡು ನಿಂತಿದ್ದ ಗಿರಿಜಾಳಿಗೆ ಅದನ್ನೇ ಹೇಳಿದೆ.

"ಕಬಡ್ಡಿಯೊಳಗ ಕಾರ್ನರಿಗೆ ಯಾರನ್ನ ನಿಲ್ಲಸ್ತಾರ್ರಿ? ಛಲೋ ಹಿಡಿಯವರನ್ನ," ಎಂದಳು. ವಿಜಾಪುರದ ಹೈಸ್ಕೂಲಿನಲ್ಲಿ ಅವಳು ಕಾರ್ನರ್ ಆಡಿದವಳು. ಮದುವೆಯಾದ ಹೊಸತರಲ್ಲಿ ಹೇಳಿದ್ದಳು, ನಾನು ಮರೆತಿದ್ದೆ.

ಇಪ್ಪತ್ತು ನಿಮಿಷ ಚೆಂಡು ನನ್ನ ಕಡೆ ಸುಳಿಯಲಿಲ್ಲ. ಏಪ್ರಿಲ್ಲಿನ ಬಿಸಿಲು, ಹೆಸರಿಗೆ ಮಾತ್ರ. ಗಿರಿಜಾ ಗೆರೆಯಾಚೆಯಿಂದ ಒಂದು ಚಕ್ಕುಲಿ ಚಾಚಿದಳು, ನಾನು ಬಾಯಿಗೆ ಹಾಕಿಕೊಂಡೆ, ಅದೇ ಗಳಿಗೆಗೆ ಎದುರಿನವನೊಬ್ಬ ಚೆಂಡು ಹಿಡಿದು ನನ್ನತ್ತ ನುಗ್ಗಿದ. ಓಡಿಹೋಗಿ ಮುಟ್ಟಿದೆ. ಮುಟ್ಟಿದ್ದೇ ಮೈಯೊಳಗಿನ ಹಳೆಯ ಕಬಡ್ಡಿ ಎದ್ದು, ಉಸಿರು ಬಿಗಿಹಿಡಿದು, ತಿರುಗಿ ಒಂದೇ ಸಮ ಓಡಿದೆ. ನಿಯಮದ ಪ್ರಕಾರ ನಾಲ್ಕೈದು ಹೆಜ್ಜೆ ಹಿಂದೆ ಸರಿದರೆ ಸಾಕಿತ್ತು. ನಾನು ನಮ್ಮ ಕೊನೆಯ ಗೆರೆ ದಾಟಿ, ಬಚಾವಾದೆ ಎಂದು ಕೈ ಮೇಲೆತ್ತಿ ನಿಂತಿದ್ದೆ. ಎರಡೂ ಕಡೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಲ್ಲಿ ಚಕ್ಕುಲಿ ಇನ್ನೂ ಇತ್ತು.

ಆಟ ಮುಗಿಯುವ ಹೊತ್ತಿಗೆ ನಮ್ಮವರೆಲ್ಲ ಮುಂದಕ್ಕೆ ನುಗ್ಗಿದ್ದರು. ನನಗೂ ನುಗ್ಗಬೇಕೆನಿಸಿತು, ಆದರೆ ಏನೋ ತಡೆಯಿತು. ಹಿಂದಕ್ಕೆ ಸರಿದು ನಿಂತೆ. ಆಚೆ ಅಂಚಿನಿಂದ ಎದುರಿನವರ ಹುಡುಗ ನರ್ಸ್ ಒಬ್ಬ ಎಲ್ಲರಿಂದ ತಪ್ಪಿಸಿಕೊಂಡು ಮೈದಾನಕ್ಕೆ ಅಡ್ಡಲಾಗಿ ಬಾಣದಂತೆ ಬಂದ. ಹಿಂದೆ ಉಳಿದಿದ್ದವನು ನಾನೊಬ್ಬನೇ. ಗೆರೆ ಎರಡು ಮಾರು ಇರುವಾಗ ಅವನ ಬೆನ್ನು ನನ್ನ ಬೆರಳಿಗೆ ತಾಗಿತು. ಅದು ಆರನೇ ಮುಟ್ಟು.

ಪಂದ್ಯ ಗೆದ್ದೆವೆಂದುಕೊಳ್ಳಬೇಡಿ, ಚೆನ್ನಾಗಿಯೇ ಸೋತೆವು. ನಾನಿರದಿದ್ದರೆ ಇನ್ನೊಂದು ಹೆಚ್ಚಾಗಿ ಸೋಲುತ್ತಿದ್ದೆವು, ಅಷ್ಟೆ. ಆದರೆ ಕೆನ್ ಬಂದು ನನ್ನ ಪಕ್ಕ ಕೂತ. ಮೀನಖಂಡಕ್ಕೆ ಮುಲಾಮು ತಿಕ್ಕಿಕೊಳ್ಳುತ್ತ, "ಆ ಮುಟ್ಟು ನಾಳೆ ಯಾರಿಗೂ ನೆನಪಿರೋದಿಲ್ಲ ಡಾಕ್ಟರ್. ನನಗೆ ಇರುತ್ತೆ. ಮುಂದಿನ ಸಲ ಆಟಗಾರರನ್ನ ಆರಿಸೋನು ನಾನೇ," ಎಂದ.

ಮನೆಗೆ ಬರುವಾಗ ಕಾರಿನ ಖಾನೆಯಿಂದ ಪತ್ರ ತೆಗೆದು ಹರಿದೆ. ಗಿರಿಜಾ ಏಕೆಂದು ಕೇಳಲಿಲ್ಲ. ಆಗಸ್ಟಿನಲ್ಲಿ ಅವಳ ತರಬೇತಿ ಶುರುವಾಯಿತು, ಈಗ ಅರ್ಧ ಅಕ್ಸ್‌ಬ್ರಿಡ್ಜ್‌ನ ಕೆಮ್ಮು ಅವಳಿಗೆ ಗೊತ್ತು. ಇನ್ನೊಂದು ಆಸ್ಪತ್ರೆಯಲ್ಲಿ ನನಗೂ ಒಂದು ಮೆಟ್ಟಿಲು ಮೇಲಿನ ಕೆಲಸ ಸಿಕ್ಕಿತು, ತಡವಾಗಿ.

ಈ ಕಥೆಯನ್ನು ನೂರು ಸಲ ಹೇಳಿದ್ದೇನೆ. ಶನಿವಾರ ಅಟ್ಟದ ಬಾಯಲ್ಲಿ ಏಣಿಯ ಮೇಲೆ ಕಾಲು ಇಳಿಬಿಟ್ಟು ಕೂತು ನೂರೊಂದನೆಯ ಸಲ ಹೇಳಿದೆ. "ಕಬಡ್ಡಿ ರಕ್ತದಾಗಿತ್ತು ಗಿರಿಜಾ, ಅದಕ್ಕ ಹಿಂದ ಸರದೆ," ಎಂದು ಮುಗಿಸಿದೆ.

"ನಾ ಕೂಗಿದ್ದಕ್ಕ ಸರದ್ರಿ," ಎಂದಳು ಗಿರಿಜಾ. "ಹಿಂದಕ್ಕ ಬರ್ರಿ, ಆ ಕಡೆಯಿಂದ ಬರ್ತಾನ ಅಂತ ಮೂರ ಸಲ ಕೂಗಿದೆ."

"ಇಷ್ಟ ವರ್ಷ ಹೇಳಲೇ ಇಲ್ಲಲ್ಲ?"

"ನೀವು ಕಥಿ ಛಂದ ಹೇಳ್ತಿದ್ರಿ."

ನಾನು ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡೆ. ಆವತ್ತು ಆ ಮೈದಾನದಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಅರಚುತ್ತಿದ್ದರು. ಅಲ್ಲಿ ಕನ್ನಡ ನಡೆಯುತ್ತಿದ್ದದ್ದು ನನ್ನ ತಲೆಯೊಳಗೆ ಮಾತ್ರ ಎಂದು ನಾನು ತಿಳಿದಿದ್ದೆ. ಕನ್ನಡದಲ್ಲಿ ಕೇಳಿಸಿದ ಮಾತನ್ನು ನನ್ನದೇ ಯೋಚನೆ ಎಂದುಕೊಂಡು ಹದಿಮೂರು ವರ್ಷ ಮೆರೆದಿದ್ದೆ.

"ಹಂಗಾರ ಆವಾಗ ಊರಿಗೆ ಹೋಗೂದು?" ಎಂದೆ.

"ನನಗ ಬ್ಯಾಡಾಗಿತ್ತು. ನೀವು ಸೋತು ಕುಂತಿದ್ರಿ, ಮನ್ಯಾಗ ಹೆಂಗ ಹೇಳ್ಲಿ? ಮೈದಾನದಾಗರ ಕೂಗಬಹುದಿತ್ತು, ಕೂಗಿದೆ." ಏಣಿಯನ್ನು ಮೆಲ್ಲಗೆ ಅಲುಗಾಡಿಸಿದಳು. "ಇನ್ನ ಇಳೀರಿ. ನೀವು ಅಲ್ಲೇ ಕುಂತ್ರ ಕೌನ್ಸಿಲ್‌ನವರು ನಿಮ್ಮ ಮ್ಯಾಲೇ ಹಾಸಿ ಹೋಗ್ತಾರ. ಆ ಕಡೆ ಮೂಲಿ ನಾ ನೋಡ್ತೀನಿ."

ಇಳಿದೆ. ಅಟ್ಟದ ಧೂಳಿಗೆ ಬಟ್ಟೆ ಹಾಳಾಗದಿರಲೆಂದು ಅವಳು ನನ್ನ ಕೈಯಿಂದ ಆ ಅಂಗಿ ತೆಗೆದುಕೊಂಡು ಮೇಲೆ ತೊಟ್ಟಳು.

"ನಾ ಎಲ್ಲಿ ನಿಂದರ್ಲಿ?" ಎಂದು ಕೇಳಿದೆ.

"ಇಲ್ಲೇ. ನಾ ಹೇಳೋತನಕ ಏಣಿ ಬಿಡಬ್ಯಾಡ್ರಿ."

ಐದನೇ ನಂಬರು ಒಂದೊಂದೇ ಮೆಟ್ಟಿಲು ಹತ್ತಿ ಅಟ್ಟದೊಳಗೆ ಹೋಯಿತು. ನಾನು ಏಣಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ಮೇಲಿಂದ ಏನು ಕೂಗುತ್ತಾಳೋ ಎಂದು ಕಿವಿಗೊಟ್ಟು ನಿಂತೆ.