ನೀಲಮ ಹಂಚಿದ ವೇಗ

ಚಿಕ್ಕೋಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಂಟರ್ನೆಟ್ ನೋಡಿಕೊಳ್ಳುವ ನೀಲಮ ಏಕಸಂಬಿಯವಳು. ಎಂಟು ವರ್ಷಗಳ ಹಿಂದೆ ರೋಗಿಗಳ ಕೇಸ್ ಪೇಪರ್ ಬರೆಯಲು ಸೇರಿದವಳು. ಅಲ್ಲಿ ವೈರಿಂಗ್ ಮಾಡುತ್ತಿದ್ದ ಸತ್ತೆಪ್ಪ, ಅವಳ ಕುತೂಹಲ ಕಂಡು, ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡು ಕಲಿಸಿದರು.

“ಇದರಾಗ ಹೊರಗ ಹೋಗೂ ಚಿತ್ರಗಳು ಪಾಳಿ ಹಚ್ಚಿ, ಸಾಲಾಗಿ ನಿಲ್ಲತಾವ, ಮಗಳ. ವಿಡಿಯೋದ್ದ ಒಂದು ಪಾಳಿ, ಎಕ್ಸ್‌ರೇದ್ದ ಒಂದು. ಎಲ್ಲಾವೂ ಒಮ್ಮೆಲೇ ನುಗ್ಗಿದ್ರ ಯಾವುದಕ್ಕ ಎಷ್ಟು ಅಂತ ನಾವು ಪಾಲು ಬರೀತೀವಿ. ವೇಗದ ಲೆಕ್ಕ ಹಾಕೂದು ಮಾತ್ರ ಪೆಟ್ಟಿಗಿ. ಬರೆದದ್ದನ್ನ ನಂಬಿ ಕುಂಡರಬ್ಯಾಡ. ಅದು ಎಷ್ಟು ಕೊಟ್ಟೈತಿ ನೋಡು.”

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಐಗಳಿಯ ಅನುಸೂಯಾಳ ಎರಡು ದಿನದ ಕೂಸಿನ ಎದೆಯಲ್ಲಿ ಬೇರೇನೋ ಸಪ್ಪಳ ಕೇಳಿಸಿತು. ಹೃದಯದ ಡಾಕ್ಟರು ಇರುವುದು ಮಿರಜದಲ್ಲಿ. ಸ್ಕ್ಯಾನಿಂಗನ್ನು ಅವರು ಅಲ್ಲಿಂದಲೇ ಪರದೆಯ ಮೇಲೆ ನೋಡಬೇಕು. ಚಿತ್ರ ಹೊರಟಿತು, ಚೌಕ ಚೌಕವಾಗಿ ಒಡೆಯಿತು, ನಿಂತುಬಿಟ್ಟಿತು.

“ಕಾಹೀಚ ದಿಸತ ನಾಹೀ,” ಏನೂ ಕಾಣುತ್ತಿಲ್ಲ ಎಂದು ಆ ಕಡೆಯಿಂದ ಡಾಕ್ಟರು ಮರಾಠಿಯಲ್ಲಿ ಹೇಳಿದರು.

ನೀಲಮ ಪೆಟ್ಟಿಗೆಯ ಕೋಣೆಗೆ ಓಡಿದಳು. ಕೂಸಿನ ಅಜ್ಜಿ ಸಕ್ಕುಬಾಯಿ ಬೆನ್ನಿಗೇ ಬಂದಳು.

“ಯವ್ವಾ, ಕೂಸಿಗೆ ಏನಾಗೇತಿ?”

“ಕೂಸಿಗಲ್ಲ ಆಯಿ, ತಂತಿಗೆ ಏನೋ ಆಗೇತಿ. ಎರಡು ಮಿನಿಟ ತಡೀರಿ.”

ಅವಳೇ ಬರೆದಿದ್ದ ಸೆಟ್ಟಿಂಗ್ ಸರಿಯಾಗಿಯೇ ಇತ್ತು: ವಿಡಿಯೋಗೆ ನೂರಕ್ಕೆ ಹತ್ತು ಪಾಲು. ಸಾವಿರ ಮೆಗಾಬಿಟ್‌ನ ತಂತಿಯಲ್ಲಿ ಅದು ನೂರಾಗಬೇಕು. ಆದರೆ ಪೆಟ್ಟಿಗೆ ನಿಜವಾಗಿ ಕೊಟ್ಟದ್ದು ಎಷ್ಟೆಂದು ತೆಗೆದು ನೋಡಿದರೆ ಬರೀ ಹತ್ತು! ಹೊರಗೆ ಹೋಗುವ ತಂತಿಯ ಒಂದೆರಡು ಎಳೆಗಳನ್ನು ಇಲಿ ಕಡಿದು ಅದರ ವೇಗ ನೂರಕ್ಕೆ ಇಳಿದಿತ್ತು. ಪೆಟ್ಟಿಗೆ ಅದೇ ಪಾಲನ್ನು ಈ ಹೊಸ ವೇಗಕ್ಕೆ ಲೆಕ್ಕ ಹಾಕಿತ್ತು. ಮಿಕ್ಕ ಜಾಗವನ್ನೆಲ್ಲ ಕಾಯ್ದಿಡಲು ಹೊರಗೆ ಹೋಗುತ್ತಿದ್ದ ಹಳೆಯ ಎಕ್ಸ್‌ರೇಗಳ ನಕಲು ತುಂಬಿಕೊಂಡಿತ್ತು.

ತಂತಿ ಬದಲಿಸುತ್ತ ಕೂರುವ ಹೊತ್ತಲ್ಲ ಅದು. ಹತ್ತನ್ನು ಅಳಿಸಿ ನಲವತ್ತು ಎಂದು ಬರೆದಳು. ಈ ಸಲ ಬರೆದು ಸುಮ್ಮನಾಗದೆ ಪೆಟ್ಟಿಗೆಯ ಲೆಕ್ಕವನ್ನೂ ನೋಡಿದಳು. ನಲವತ್ತು ಬಂದಿತ್ತು.

ಪರದೆಯ ಮೇಲೆ ಪುಟ್ಟ ಹೃದಯ ತಡೆಯಿಲ್ಲದೆ ಬಡಿಯತೊಡಗಿತು. ಡಾಕ್ಟರು ಬಹಳ ಹೊತ್ತು ನೋಡಿದರು. ಸಣ್ಣ ರಂಧ್ರವಿದೆ, ಬಹುಶಃ ತಾನಾಗಿಯೇ ಮುಚ್ಚಿಕೊಳ್ಳುತ್ತದೆ, ತಿಂಗಳು ಬಿಟ್ಟು ತೋರಿಸಿ ಎಂದರು. ಅನುಸೂಯಾ ಸೆರಗು ಬಾಯಿಗಿಟ್ಟು ಅತ್ತಳು. ಸಕ್ಕುಬಾಯಿ ನೀಲಮಳ ಎರಡೂ ಕೈ ಹಿಡಿದು, “ನಿನ್ನ ಹೊಟ್ಟಿ ತಣ್ಣಗಿರ್ಲಿ,” ಎಂದಳು.

ನಿವೃತ್ತರಾಗಿ ರಾಯಬಾಗದಲ್ಲಿದ್ದ ಸತ್ತೆಪ್ಪನವರಿಗೆ ನೀಲಮ ಮಧ್ಯಾಹ್ನವೇ ಫೋನ್ ಮಾಡಿದಳು. “ಕಾಕಾ, ಒಂದು ಕೂಸಿನ ಅಜ್ಜಿ ಹರಸ್ಯಾರ. ಅದು ನಿಮಗ ಸೇರಬೇಕಾದ್ದು.” ಅವರು, “ತಂತಿ ಬದಲಿ ಮಾಡಿಸ್ದೇನು?” ಎಂದರು. ಅವಳಿಗೆ ನಗು ಬಂತು, ಕಣ್ಣೂ ತುಂಬಿತು.

ತಿಂಗಳ ಮೇಲೆ ಅನುಸೂಯಾ ಕೂಸನ್ನು ತಂದಾಗ ರಂಧ್ರ ಅರ್ಧಕ್ಕರ್ಧ ಮುಚ್ಚಿತ್ತು. ತಪಾಸಣೆ ಮುಗಿಯುತ್ತಲೇ ಅವಳು ಕೂಸನ್ನು ನೀಲಮಳ ಮಡಿಲಿಗೆ ಹಾಕಿದಳು. ಅದು ಮೈಮುರಿದು ಆಕಳಿಸಿ ಅಲ್ಲೇ ನಿದ್ದೆ ಹೋಯಿತು.